ಮನೆಯೊಳಗಿನ ಗಿಡಕ್ಕೆ ಎಲ್‌ಇಡಿ ದೀಪ: ನೀವೇ ಮಾಡಿಕೊಳ್ಳುವುದು ಹೇಗೆ

ಫ್ಲ್ಯಾಟಿನ ಅಡುಗೆಮನೆಯಲ್ಲಿ ಮೆಂತ್ಯ ಬಿತ್ತಿದರೆ ಮೂರೇ ದಿನಕ್ಕೆ ಮೊಳಕೆ ಬರುತ್ತದೆ. ಇನ್ನೆರಡು ದಿನ ಹೋಗಲಿ, ಅದೇ ಮೊಳಕೆ ಸಣಕಲಾಗಿ, ಬಿಳಿಚಿಕೊಂಡು, ಕಿಟಕಿ ಕಡೆ ವಾಲಿಕೊಂಡು ನಿಂತಿರುತ್ತದೆ. ವಾರ ತುಂಬುವಷ್ಟರಲ್ಲಿ ಮಲಗಿಬಿಡುತ್ತದೆ. ನೀರು ಹೆಚ್ಚಾಯಿತೇನೋ, ಗೊಬ್ಬರ ಸಾಲಲಿಲ್ಲವೇನೋ ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಹತ್ತರಲ್ಲಿ ಎಂಟು ಸಲ ಕಾರಣ ಅದ್ಯಾವುದೂ ಅಲ್ಲ, ಬೆಳಕಿನ ಕೊರತೆ.

ಇದಕ್ಕೆ ಆನ್‌ಲೈನ್‌ನಲ್ಲಿ ನೇರಳೆ ಬಣ್ಣದ ‘ಗ್ರೋ ಲೈಟ್’ಗಳು ರಾಶಿ ಸಿಗುತ್ತವೆ. ಡಬ್ಬದ ಮೇಲೆ ‘1000 ವ್ಯಾಟ್’ ಅಂತ ಬರೆದಿರುತ್ತದೆ. ಪ್ಲಗ್‌ಗೆ ವ್ಯಾಟ್ ಮೀಟರ್ ಹಾಕಿ ನೋಡಿದರೆ ಅದರ ಹತ್ತನೇ ಒಂದು ಭಾಗ ಎಳೆದರೆ ಹೆಚ್ಚು. ಕೊಂಡ ದೀಪದ ಲೆಕ್ಕ ಹೀಗಿರುವಾಗ, ಎರಡು ಅಡಿ ಶೆಲ್ಫ್‌ಗೆ ಬೇಕಾದ ದೀಪವನ್ನು ನಾವೇ ಮಾಡಿಕೊಳ್ಳಬಹುದು. ಎಷ್ಟು ಬೆಳಕು ಎಲೆಗೆ ಬೀಳುತ್ತಿದೆ ಅನ್ನುವುದು ಗೊತ್ತಿರುತ್ತದೆ. ಕೆಟ್ಟರೆ ಕೆಟ್ಟ ಭಾಗವನ್ನಷ್ಟೇ ಬದಲಾಯಿಸಬಹುದು. ಬೆಸುಗೆ ಹಾಕಲು ಬಂದರೆ ಒಂದು ಶನಿವಾರ, ಭಾನುವಾರದ ಕೆಲಸ.

ಮೊದಲು ಅಳೆಯಿರಿ

ಬೆಳಕಿನ ವಿಷಯದಲ್ಲಿ ಕಣ್ಣನ್ನು ನಂಬಬೇಡಿ. ಕತ್ತಲಿಗೂ ಬೆಳಕಿಗೂ ಅದು ತಾನೇ ಹೊಂದಿಕೊಂಡುಬಿಡುತ್ತದೆ. ಮಧ್ಯಾಹ್ನದ ಬಯಲು ಬಿಸಿಲಲ್ಲಿ ಸುಮಾರು 1 ಲಕ್ಷ ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕಿರುತ್ತದೆ. ಕಿಟಕಿಯಿಂದ ಆರೇಳು ಅಡಿ ಒಳಗೆ ಬನ್ನಿ, ಅದು 200ರಿಂದ 500 ಲಕ್ಸ್‌ಗೆ ಇಳಿದಿರುತ್ತದೆ. ನಮಗೆ ಪೇಪರ್ ಓದಲು ಅಡ್ಡಿಯಿಲ್ಲ, ಗಿಡಕ್ಕೆ ಮಾತ್ರ ಅದು ಉಪವಾಸ.

ಆಂಡ್ರಾಯ್ಡ್ ಫೋನಿಗೆ ಒಂದು ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಸೆನ್ಸರ್ ಸಾಮಾನ್ಯವಾಗಿ ಮುಂದಿನ ಕ್ಯಾಮೆರಾ ಪಕ್ಕದಲ್ಲೇ ಇರುತ್ತದೆ. ಫೋನಿನ ಮುಖ ಮೇಲಕ್ಕೆ ಮಾಡಿ, ಎಲೆ ಇರುವ ಎತ್ತರದಲ್ಲಿ ಹಿಡಿದು ನೋಡಿ. ಪಕ್ಕಾ ಅಳತೆ ಸಿಗುವುದಿಲ್ಲ, ಫೋನಿನಿಂದ ಫೋನಿಗೆ ವ್ಯತ್ಯಾಸ ಇರುತ್ತದೆ. ಆದರೆ ಈ ಮೂಲೆಗಿಂತ ಆ ಮೂಲೆಯಲ್ಲಿ ಎಷ್ಟು ಪಟ್ಟು ಬೆಳಕಿದೆ ಅನ್ನುವುದು ಗೊತ್ತಾಗುತ್ತದೆ.

ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿನ ಲೆಕ್ಕ. ಗಿಡದ ಲೆಕ್ಕ ಬೇರೆ. 400ರಿಂದ 700 ನ್ಯಾನೊಮೀಟರ್ ನಡುವಿನ ಬೆಳಕಿನ ಕಣಗಳು, ಅಂದರೆ ಫೋಟಾನ್‌ಗಳು, ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಅನ್ನುವುದನ್ನು ಮೈಕ್ರೊಮೋಲ್‌ನಲ್ಲಿ ಎಣಿಸುತ್ತಾರೆ. ಇದಕ್ಕೆ ಪಿಪಿಎಫ್‌ಡಿ ಅಂತ ಹೆಸರು. ಅದನ್ನು ಅಳೆಯುವ ಮೀಟರ್ ದುಬಾರಿ. ಬಿಳಿ ಎಲ್‌ಇಡಿಗೆ ಒಂದು ಸುಲಭದ ಲೆಕ್ಕ ಇದೆ: 10,000 ಲಕ್ಸ್ ಇದ್ದರೆ ಸುಮಾರು 150 ಮೈಕ್ರೊಮೋಲ್. ನೇರಳೆ ದೀಪಕ್ಕೆ ಈ ಲೆಕ್ಕ ನಡೆಯುವುದಿಲ್ಲ.

ಇನ್ನೊಂದು ಅಂಕಿ ಮುಖ್ಯ. ಇಡೀ ದಿನಕ್ಕೆ ಒಟ್ಟು ಎಷ್ಟು ಬೆಳಕು ಸಿಕ್ಕಿತು? 150 ಮೈಕ್ರೊಮೋಲ್ ಬೆಳಕು 14 ಗಂಟೆ ಉರಿದರೆ ದಿನಕ್ಕೆ ಸುಮಾರು 7.5 ಮೋಲ್ ಆಗುತ್ತದೆ (10 ಲಕ್ಷ ಮೈಕ್ರೊಮೋಲ್ ಸೇರಿದರೆ ಒಂದು ಮೋಲ್). ಮನಿ ಪ್ಲ್ಯಾಂಟ್, ಸ್ನೇಕ್ ಪ್ಲ್ಯಾಂಟ್ ಥರದವು 2ರಿಂದ 4 ಮೋಲ್‌ನಲ್ಲೇ ತೃಪ್ತಿ ಪಡುತ್ತವೆ. ಮೆಂತ್ಯ, ಕೊತ್ತಂಬರಿ, ಪುದೀನ, ಪಾಲಕ್ ಚೆನ್ನಾಗಿ ಬರಲು 8ರಿಂದ 14 ಬೇಕು. ತುಳಸಿಗೆ ಇನ್ನೂ ಸ್ವಲ್ಪ ಜಾಸ್ತಿಯೇ ಇರಲಿ. ಟೊಮ್ಯಾಟೊ, ಮೆಣಸಿನಕಾಯಿಗೆ 20ರ ಮೇಲೆ.

ಅದಕ್ಕೇ ಹೇಳುವುದು, ಮನೆಯಲ್ಲಿ ಮಾಡಿದ ದೀಪದ ಕೆಳಗೆ ಟೊಮ್ಯಾಟೊ ಬೆಳೆಯುವ ಆಸೆ ಬಿಡಿ. ಗಿಡ ಬದುಕುತ್ತದೆ, ಹೂವೂ ಬಿಡಬಹುದು, ಕಾಯಿ ಮಾತ್ರ ಬೆರಳೆಣಿಕೆಯಷ್ಟು. ಅದನ್ನು ಟೆರೇಸಿಗೆ ಕಳಿಸಿ. ಸೊಪ್ಪು, ಸಸಿ, ಅಂದದ ಗಿಡ, ಇವೇ ನಮ್ಮ ದೀಪಕ್ಕೆ ಸರಿ.

ಯಾವ ಬಣ್ಣ?

ಎಲೆ ಹಸಿರು ಬೆಳಕನ್ನು ವಾಪಸ್ ಕಳಿಸುತ್ತದೆ, ಹಾಗಾಗಿ ಕೆಂಪು, ನೀಲಿ ಮಾತ್ರ ಸಾಕು ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಕೆಂಪು, ನೀಲಿಯನ್ನು ಎಲೆ ಚೆನ್ನಾಗಿ ಹೀರುತ್ತದೆ ಅನ್ನುವುದು ನಿಜ. ಆದರೆ ಹಸಿರಿನ ಬಹುಪಾಲನ್ನೂ ಅದು ಬಳಸಿಕೊಳ್ಳುತ್ತದೆ. 1972ರಲ್ಲಿ ಕೀತ್ ಮೆಕ್‌ಕ್ರೀ ಎಂಬ ವಿಜ್ಞಾನಿ 22 ಬೆಳೆಗಳ ಎಲೆಗಳನ್ನು ಬಣ್ಣ ಬಣ್ಣದ ಬೆಳಕಲ್ಲಿಟ್ಟು ಅಳೆದು ಇದನ್ನು ತೋರಿಸಿದರು. ಅಂತರಿಕ್ಷ ನಿಲ್ದಾಣಕ್ಕೆ ನಾಸಾ 2014ರಲ್ಲಿ ಕಳಿಸಿದ ‘ವೆಜ್ಜಿ’ ಅನ್ನುವ ಪುಟ್ಟ ತೋಟದಲ್ಲೂ ಕೆಂಪು, ನೀಲಿ ಜೊತೆ ಹಸಿರು ಎಲ್‌ಇಡಿ ಇವೆ.

ನೇರಳೆ ದೀಪದ್ದು ಇನ್ನೊಂದು ಕಾಟ. ಅದರ ಕೆಳಗೆ ಎಲೆಯೆಲ್ಲ ಕಪ್ಪಗೆ ಕಾಣುತ್ತದೆ. ಹಳದಿ ತಿರುಗಿದ್ದು, ಹುಳ ತಿಂದಿದ್ದು, ಚುಕ್ಕೆ ಬಿದ್ದಿದ್ದು ಯಾವುದೂ ಗೊತ್ತಾಗುವುದಿಲ್ಲ. ರೋಗ ಕಾಣಿಸದ ದೀಪದಲ್ಲಿ ಗಿಡ ನೋಡಿಕೊಳ್ಳುವುದು ಹೇಗೆ ಹೇಳಿ?

ಬಿಳಿ ಎಲ್‌ಇಡಿಯ ಒಳಗೆ ಇರುವುದೇ ಸುಮಾರು 450 ನ್ಯಾನೊಮೀಟರ್‌ನ ನೀಲಿ ಚಿಪ್. ಅದರ ಮೇಲೆ ಹಳದಿ ಫಾಸ್ಫರ್ ಬಳಿದಿರುತ್ತಾರೆ. ಅದು ನೀಲಿಯ ಒಂದು ಪಾಲನ್ನು ಹಸಿರು, ಹಳದಿ, ಕೆಂಪಾಗಿ ಬದಲಾಯಿಸುತ್ತದೆ. ಆ ನೀಲಿ ಚಿಪ್ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅಂಗಡಿಯಲ್ಲಿ ‘ಕೂಲ್ ವೈಟ್’ ಅಂದರೆ ಸುಮಾರು 6500 ಕೆಲ್ವಿನ್, ನೀಲಿ ಜಾಸ್ತಿ. ‘ವಾರ್ಮ್ ವೈಟ್’ ಅಂದರೆ ಸುಮಾರು 3000 ಕೆಲ್ವಿನ್, ಕೆಂಪು ಜಾಸ್ತಿ. ನೀಲಿ ಗಿಡವನ್ನು ಗಿಡ್ಡಗೆ, ಗಟ್ಟಿಯಾಗಿ ಇಡುತ್ತದೆ. ಎರಡು ಪಾಲು ವಾರ್ಮ್, ಒಂದು ಪಾಲು ಕೂಲ್ ಬೆರೆಸಿದರೆ ಸೊಪ್ಪಿಗೆ ಒಳ್ಳೆಯ ಬೆಳಕು. ಮನೆಯವರ ಕಣ್ಣಿಗೂ ಹಿತ.

ಬೆಸುಗೆಯೇ ಬೇಡ ಅನ್ನುವವರಿಗೆ

ಕರೆಂಟ್ ಕೆಲಸದ ಭಯ ಇದ್ದರೆ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಎರಡು ಅಡಿಯ 10 ವ್ಯಾಟ್ ಎಲ್‌ಇಡಿ ಬ್ಯಾಟನ್ (ಪಟ್ಟಿಯಂಥ ಟ್ಯೂಬ್‌ಲೈಟ್) ಎರಡು ತನ್ನಿ. ಒಂದೊಂದೂ ಸುಮಾರು 1000 ಲ್ಯೂಮೆನ್ ಕೊಡುತ್ತದೆ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಶೆಲ್ಫ್‌ಗೆ ಎಲೆಯಿಂದ ಒಂದು ಗೇಣು ಮೇಲೆ ಅವನ್ನು ತೂಗುಹಾಕಿದರೆ 120 ಮೈಕ್ರೊಮೋಲ್‌ನ ಆಸುಪಾಸು ಸಿಗುತ್ತದೆ. ಮೈಕ್ರೊಗ್ರೀನ್ (ಎಳೆಯದರಲ್ಲೇ ಕತ್ತರಿಸುವ ಸೊಪ್ಪು), ಸಸಿ ಮಾಡಲು ಧಾರಾಳ. ಬೆಳೆದ ಸೊಪ್ಪಿಗೆ ಸಾಲದಿದ್ದರೆ ಮೂರನೆಯದು ಸೇರಿಸಿ. ಓದುಗರಲ್ಲಿ ಅರ್ಧ ಜನಕ್ಕೆ ಇಷ್ಟೇ ಸಾಕು. ‘ಟೈಮರ್ ಮತ್ತು ಕತ್ತಲು’ ಅನ್ನುವ ಭಾಗಕ್ಕೆ ನೇರವಾಗಿ ಹೋಗಿಬಿಡಿ.

ಬ್ಯಾಟನ್ನಿನ ಕಷ್ಟ ಏನೆಂದರೆ ಒಳಗಿನ ಡ್ರೈವರ್ (ಮನೆಯ ಕರೆಂಟನ್ನು ದೀಪಕ್ಕೆ ತಕ್ಕಂತೆ ಮಾಡಿಕೊಡುವ ಭಾಗ) ಸುಟ್ಟರೆ ಇಡೀ ದೀಪವನ್ನೇ ಬಿಸಾಡಬೇಕು. ಬಣ್ಣ ನಮ್ಮ ಕೈಲಿಲ್ಲ, ಉದ್ದ ನಮ್ಮ ಶೆಲ್ಫ್‌ಗೆ ಹೊಂದಬೇಕೆಂದಿಲ್ಲ. ಅದಕ್ಕೇ ಮುಂದಿನದು, ನಾವೇ ಕಟ್ಟುವ ದೀಪ.

ಸಾಮಾನು

ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆ ಇದ್ದೇ ಇದೆ. ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ, ಶನಿವಾರ ಬೆಳಿಗ್ಗೆಯೇ ಹೋಗಿ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಬಹುದು. ಬೇಕಾದ್ದು ಇಷ್ಟು:

- ನಕ್ಷತ್ರದ ಆಕಾರದ ಅಲ್ಯೂಮಿನಿಯಂ ಬಿಲ್ಲೆಗೆ ಕೂರಿಸಿದ 1 ವ್ಯಾಟ್ ಎಲ್‌ಇಡಿ: ವಾರ್ಮ್ ವೈಟ್ 16, ಕೂಲ್ ವೈಟ್ 8. ಎರಡು ಮೂರು ಜಾಸ್ತಿಯೇ ತನ್ನಿ.
- ಎರಡು ಅಡಿ ಉದ್ದದ ಅಲ್ಯೂಮಿನಿಯಂ ‘ಸಿ’ ಚಾನೆಲ್ 2, ಒಂದೂವರೆ ಇಂಚು ಅಗಲ. ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ತುಂಡುಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ.
- 300 ಮಿಲಿಆಂಪ್‌ನ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ (ಕರೆಂಟನ್ನು ಒಂದೇ ಮಟ್ಟದಲ್ಲಿಡುವುದು) 2. ಮೇಲೆ ‘8–12×1 ವ್ಯಾಟ್’ ಅಂತ ಇರಬೇಕು.
- ಹೀಟ್‌ಸಿಂಕ್ ಅಂಟು (ಶಾಖ ದಾಟಿಸುವ ಅಂಟು), ತೆಳು ತಂತಿ, 60 ವ್ಯಾಟ್ ಬೆಸುಗೆ ಕಡ್ಡಿ, ಮಲ್ಟಿಮೀಟರ್.
- ಮೂರು ಎಳೆಯ ಕೇಬಲ್, ಮೂರು ಪಿನ್ ಪ್ಲಗ್, ಮುಚ್ಚಳ ಇರುವ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್.
- ತೂಗುಹಾಕಲು ಸಣ್ಣ ಸರಪಳಿ, ಎಸ್ ಹುಕ್.

‘3 ವ್ಯಾಟ್ ಫುಲ್ ಸ್ಪೆಕ್ಟ್ರಮ್’ ಅಂತ ಗುಲಾಬಿ ಬೆಳಕಿನ ಎಲ್‌ಇಡಿ ತೋರಿಸುತ್ತಾರೆ. ಬೇಡ ಅನ್ನಿ. ಅವು ಜಾಸ್ತಿ ಕಾಯುತ್ತವೆ, ಬೆಲೆಗೆ ತಕ್ಕ ಬೆಳಕೂ ಇಲ್ಲ.

ಡ್ರೈವರ್ ವಿಷಯದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಅಗ್ಗದ ಡ್ರೈವರ್‌ಗಳಲ್ಲಿ ಬಹಳಷ್ಟು ‘ನಾನ್ ಐಸೊಲೇಟೆಡ್’. ಅಂದರೆ ಮನೆಯ 230 ವೋಲ್ಟ್ ಲೈನಿಗೂ ನಿಮ್ಮ ಎಲ್‌ಇಡಿ ತಂತಿಗೂ ನಡುವೆ ಟ್ರಾನ್ಸ್‌ಫಾರ್ಮರ್‌ನ ಅಡ್ಡಗೋಡೆ ಇರುವುದಿಲ್ಲ. ಔಟ್‌ಪುಟ್ 37 ವೋಲ್ಟ್ ಅಂತ ಬರೆದಿದ್ದರೂ ಒದ್ದೆ ಕೈಲಿ ಮುಟ್ಟಿದರೆ ಮೇನ್ಸ್ ಶಾಕ್ ಹೊಡೆಯಬಹುದು. ಗಿಡಕ್ಕೆ ನೀರು ಹಾಕುವ ಜಾಗದಲ್ಲಿ ಇದು ಜೀವಕ್ಕೇ ಅಪಾಯ. ‘ಐಸೊಲೇಟೆಡ್’ ಅಂತ ಬರೆದಿರುವುದನ್ನೇ ಕೇಳಿ ತನ್ನಿ. ಮನೆಗೆ ಬಂದ ಮೇಲೆ, ಎಲ್ಲಿಗೂ ಸಿಕ್ಕಿಸದೆ, ಇನ್‌ಪುಟ್ ತಂತಿಗೂ ಔಟ್‌ಪುಟ್ ತಂತಿಗೂ ನಡುವೆ ಮಲ್ಟಿಮೀಟರ್‌ನ ಡಯೋಡ್ ಮೋಡ್‌ನಲ್ಲಿ, ಎರಡೂ ದಿಕ್ಕಿನಲ್ಲಿ ಮುಟ್ಟಿಸಿ ನೋಡಿ. ರೀಡಿಂಗ್ ಬಂತು ಅಂದರೆ ಅದು ಐಸೊಲೇಟೆಡ್ ಅಲ್ಲ, ವಾಪಸ್ ಕೊಡಿ. ರೀಡಿಂಗ್ ಬರಲಿಲ್ಲ ಅನ್ನುವುದೊಂದನ್ನೇ ನಂಬಿ ಕೂರಬೇಡಿ, ಬರಹವೂ ಇರಬೇಕು. ಇದೇ ಕಾರಣಕ್ಕೆ ‘ಡಿಒಬಿ’ ಅಂತ ಕರೆಯುವ, ನೇರ 230 ವೋಲ್ಟಿಗೆ ಸಿಕ್ಕಿಸುವ ಎಲ್‌ಇಡಿ ಬೋರ್ಡ್‌ಗಳನ್ನು ಗಿಡದ ಹತ್ತಿರ ತರಲೇಬೇಡಿ.

24 ಎಲ್‌ಇಡಿಗೂ ಒಂದೇ ಡ್ರೈವರ್ ಹಾಕಬಾರದೇ? ಹಾಕಬಹುದು. ಆದರೆ ಒಂದೊಂದು ಎಲ್‌ಇಡಿಗೂ ಸುಮಾರು 3.1 ವೋಲ್ಟ್ ಬೇಕು. 24 ಸಾಲಾಗಿ ಸೇರಿದರೆ ಸುಮಾರು 75 ವೋಲ್ಟ್ ಡಿಸಿ, ಮುಟ್ಟಿದರೆ ಜುಮ್ ಅನ್ನುತ್ತದೆ. 12, 12 ಮಾಡಿದರೆ ಸುಮಾರು 37 ವೋಲ್ಟ್. ಜೊತೆಗೆ ಒಂದು ಸಾಲು ಕೆಟ್ಟರೂ ಇನ್ನೊಂದು ಉರಿಯುತ್ತಿರುತ್ತದೆ. ಈಗಷ್ಟೇ ಮೊಳೆತ ಸಸಿಗೆ ಅರ್ಧ ಬೆಳಕು ಸಾಕು ಅನಿಸಿದರೆ ಒಂದನ್ನು ಆರಿಸಿಯೂ ಇಡಬಹುದು.

ಕಟ್ಟುವ ಕೆಲಸ

1. ಚಾನೆಲ್ಲಿನ ಚಪ್ಪಟೆ ಬೆನ್ನಿನ ಮೇಲೆ ಗುರುತು ಹಾಕಿ. ಮೊದಲನೆಯದು ತುದಿಯಿಂದ 2.5 ಸೆಂಟಿಮೀಟರ್‌ಗೆ, ಆಮೇಲೆ 5 ಸೆಂಟಿಮೀಟರ್‌ಗೊಂದು. ಸರಿಯಾಗಿ 12 ಕೂರುತ್ತವೆ. ಗುರುತಿನ ಜಾಗವನ್ನು ಎಮೆರಿ ಪೇಪರಿನಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ. ಬಣ್ಣ ಹೊಡೆದ ಚಾನೆಲ್ ಆದರೆ ಬಣ್ಣ ಪೂರ್ತಿ ಹೋಗಬೇಕು. ಬಣ್ಣದ ಪದರ ಶಾಖವನ್ನು ತಡೆಯುತ್ತದೆ.

2. ಎಲ್‌ಇಡಿಗಳನ್ನು ಇನ್ನೂ ಅಂಟಿಸಬೇಡಿ. ಒಂದು ಮರದ ಹಲಗೆಯ ಮೇಲಿಟ್ಟು, ಪ್ರತಿಯೊಂದರ ಪ್ಲಸ್, ಮೈನಸ್ ಜಾಗಕ್ಕೆ ಒಂದೊಂದು ಹನಿ ಬೆಸುಗೆ ಕೂರಿಸಿ. ತಂತಿಯ ತುದಿಗಳಿಗೂ ಬೆಸುಗೆ ಹಚ್ಚಿಡಿ. ಅಂಟಿಸಿದ ಮೇಲೆ ಚಾನೆಲ್ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಆಗ 25 ವ್ಯಾಟ್ ಕಡ್ಡಿ ಹಿಡಿದು ಎಷ್ಟು ಹೊತ್ತು ಕೂತರೂ ಬೆಸುಗೆ ಕರಗುವುದೇ ಇಲ್ಲ. ಈ ಒಂದು ತಯಾರಿ ಮಾಡಿಕೊಂಡರೆ ಆಮೇಲಿನ ಕೆಲಸ ಸಲೀಸು.

3. ಹೀಟ್‌ಸಿಂಕ್ ಅಂಟನ್ನು ತೆಳ್ಳಗೆ ಹಚ್ಚಿ ಬಿಲ್ಲೆ ಒತ್ತಿ. ದಪ್ಪ ಹಚ್ಚಿದರೆ ಶಾಖ ದಾಟುವುದಿಲ್ಲ. ಎರಡು ವಾರ್ಮ್, ಒಂದು ಕೂಲ್, ಮತ್ತೆ ಎರಡು ವಾರ್ಮ್, ಒಂದು ಕೂಲ್, ಹೀಗೆ ಸಾಲು. ಒಂದು ಚಾನೆಲ್‌ಗೆ 8 ವಾರ್ಮ್, 4 ಕೂಲ್ ಆಗುತ್ತದೆ. ಪ್ಲಸ್ ಎಲ್ಲ ಒಂದೇ ಕಡೆ ತಿರುಗಿರಲಿ. ಎಲ್‌ಇಡಿಯ ಗುಂಡನೆಯ ಲೆನ್ಸ್ ಮೇಲೆ ಬೆರಳು ಒತ್ತಬೇಡಿ, ಕಿತ್ತು ಬರುತ್ತದೆ. ರಾತ್ರಿಯಿಡೀ ಒಣಗಲಿ.

4. ಮೊದಲನೆಯದರ ಮೈನಸ್‌ನಿಂದ ಎರಡನೆಯದರ ಪ್ಲಸ್‌ಗೆ, ಎರಡನೆಯದರ ಮೈನಸ್‌ನಿಂದ ಮೂರನೆಯದರ ಪ್ಲಸ್‌ಗೆ, ಹೀಗೆ ಸರಪಳಿಯಾಗಿ ತಂತಿ ಬೆಸೆಯಿರಿ. ಕೊನೆಗೆ ಒಂದು ತುದಿಯಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಉಳಿಯುತ್ತದೆ. ಕೆಂಪು, ಕಪ್ಪು ತಂತಿಯನ್ನು ಅಲ್ಲಿಂದ ಹೊರತೆಗೆಯಿರಿ.

5. ಈಗ ಮಲ್ಟಿಮೀಟರ್. ಬೀಪ್ ಮೋಡ್‌ನಲ್ಲಿ ಒಂದು ಕಡ್ಡಿ ಚಾನೆಲ್‌ಗೆ, ಇನ್ನೊಂದನ್ನು ಒಂದೊಂದಾಗಿ ಎಲ್ಲ ಬೆಸುಗೆಗೂ ಮುಟ್ಟಿಸಿ. ಎಲ್ಲೂ ಬೀಪ್ ಬರಬಾರದು. ಬಂದರೆ ಬೆಸುಗೆ ಬಿಲ್ಲೆಯ ಅಂಚಿನಿಂದ ಇಳಿದು ಚಾನೆಲ್ ಮುಟ್ಟಿದೆ ಅಂತ ಅರ್ಥ. ಆಮೇಲೆ ಡಯೋಡ್ ಮೋಡ್‌ನಲ್ಲಿ ಪ್ರತಿ ಎಲ್‌ಇಡಿಯ ಎರಡು ತುದಿಗೆ ಮುಟ್ಟಿಸಿ. ಮಬ್ಬಾಗಿ ಮಿಣುಕಿದರೆ ಸರಿಯಿದೆ. ಕೋಣೆಯ ಲೈಟ್ ಆರಿಸಿಕೊಂಡರೆ ಚೆನ್ನಾಗಿ ಕಾಣುತ್ತದೆ.

6. ಎಲ್‌ಇಡಿ ತಂತಿಯನ್ನು ಡ್ರೈವರ್‌ಗೆ ಮೊದಲು ಸೇರಿಸಿ. ಮೇನ್ಸ್ ಸ್ವಿಚ್ ಹಾಕುವುದು ಕೊನೆಗೆ. ಈ ಕ್ರಮ ತಪ್ಪಬಾರದು. ಖಾಲಿ ಡ್ರೈವರ್‌ನ ಔಟ್‌ಪುಟ್ ಮೇಲಿನ ಮಿತಿಗೆ ಏರಿ ಕೂತಿರುತ್ತದೆ. ಆಗ ಎಲ್‌ಇಡಿ ಸಿಕ್ಕಿಸಿದರೆ ಒಂದೇ ಹೊಡೆತಕ್ಕೆ ಸುಡಬಹುದು. ಉರಿಸುವಾಗ ದೀಪ ನೆಲದ ಕಡೆ ಮುಖ ಮಾಡಿರಲಿ. 1 ವ್ಯಾಟ್ ಎಲ್‌ಇಡಿಯನ್ನು ನೇರ ನೋಡಿದರೆ ಕಣ್ಣಿಗೆ ಒಳ್ಳೆಯದಲ್ಲ.

7. ಅರ್ಧ ಗಂಟೆ ಉರಿಸಿ, ಪ್ಲಗ್ ತೆಗೆದು, ಚಾನೆಲ್ಲಿನ ಮೇಲೆ ಬೆರಳಿಡಿ. ಐದು ಸೆಕೆಂಡ್ ಇಟ್ಟುಕೊಳ್ಳಲು ಆದರೆ ಶಾಖ ಮಿತಿಯಲ್ಲಿದೆ. ಚುರ್ ಅಂದು ಕೈ ಎಳೆದುಕೊಂಡರೆ ಚಾನೆಲ್ ಸಣ್ಣದಾಯಿತು ಅಂತ. ಎಲ್‌ಇಡಿಗೆ ಹೋಗುವ ಕರೆಂಟಿನ ಅರ್ಧಕ್ಕಿಂತ ಹೆಚ್ಚು ಭಾಗ ಶಾಖವೇ ಆಗುತ್ತದೆ, ಅದು ಹೊರಗೆ ಹೋಗಬೇಕಾದ ದಾರಿ ಈ ಅಲ್ಯೂಮಿನಿಯಂ ಒಂದೇ.

ಎಲ್ಲ ಸರಿ ಬಂದ ಮೇಲೆ ಬೆಸುಗೆ ಜಾಗಗಳನ್ನು ತೇವದಿಂದ ಕಾಪಾಡಬೇಕು. ಕಿಟಕಿಗೆ ಹಾಕುವ ಪಾರದರ್ಶಕ ಸಿಲಿಕೋನ್ ಸಾಕು, ಆದರೆ ‘ನ್ಯೂಟ್ರಲ್’ ಅಂತ ಬರೆದಿರುವುದನ್ನೇ ತನ್ನಿ. ಒಣಗುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ. ಲೆನ್ಸ್ ಮೇಲೆ ಬಳಿಯಬೇಡಿ.

ಮೇನ್ಸ್ ಕಡೆ

ಡ್ರೈವರ್‌ಗಳು ಜಂಕ್ಷನ್ ಬಾಕ್ಸ್ ಒಳಗೆ ಇರಲಿ. ಆ ಬಾಕ್ಸ್ ಶೆಲ್ಫ್‌ನ ಮೇಲ್ಗಡೆಯೋ ಪಕ್ಕದಲ್ಲೋ ಇರಲಿ, ಕುಂಡದ ಕೆಳಗಂತೂ ಬೇಡವೇ ಬೇಡ. ಮೂರು ಎಳೆಯ ಕೇಬಲ್ಲಿನ ಹಸಿರು ತಂತಿಯನ್ನು ಎರಡೂ ಚಾನೆಲ್‌ಗೆ ಸ್ಕ್ರೂ, ವಾಷರ್ ಹಾಕಿ ಬಿಗಿಯಿರಿ. ಅದು ಅರ್ಥಿಂಗ್. ಎರಡು ಪಿನ್ ಪ್ಲಗ್ ಹಾಕಿ ಅರ್ಥಿಂಗ್ ಬಿಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಇಲ್ಲಿ ಮಾತ್ರ ಬೇಡ. ಪ್ಲಗ್‌ಗೆ ಹೋಗುವ ವೈರ್ ಒಂದು ಕಡೆ ಪ್ಲಗ್‌ಗಿಂತ ಕೆಳಗೆ ಜೋತಾಡುವ ಹಾಗೆ ಬಿಡಿ. ವೈರ್ ಮೇಲೆ ನೀರು ಹರಿದು ಬಂದರೂ ಆ ಬಾಗಿನಿಂದ ಕೆಳಗೆ ತೊಟ್ಟಿಕ್ಕುತ್ತದೆ, ಪ್ಲಗ್‌ ಒಳಗೆ ಇಳಿಯುವುದಿಲ್ಲ. ಮನೆಯ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಇದೆಯೇ ನೋಡಿಕೊಳ್ಳಿ. ನೀರು ಹಾಕುವಾಗ, ಸ್ಪ್ರೇ ಹೊಡೆಯುವಾಗ ದೀಪ ಆರಿಸಿಯೇ ಮಾಡಿ.

230 ವೋಲ್ಟ್ ಕಡೆಯ ಕೆಲಸ ಮೊದಲ ಸಲ ಅಂತಾದರೆ ಈ ಒಂದು ಭಾಗವನ್ನು ನಿಮ್ಮ ಬೀದಿಯ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಹತ್ತು ನಿಮಿಷದ ಕೆಲಸ, ನಾಚಿಕೆಯೇನಿಲ್ಲ.

ತೂಗುಹಾಕುವುದು

30 ಸೆಂಟಿಮೀಟರ್ ಅಗಲದ ಶೆಲ್ಫ್‌ಗೆ ಎರಡು ಚಾನೆಲ್ ನಡುವೆ 15 ಸೆಂಟಿಮೀಟರ್ ಅಂತರ ಇರಲಿ. ಸರಪಳಿ, ಎಸ್ ಹುಕ್ ಹಾಕಿದರೆ ಗಿಡ ಬೆಳೆದ ಹಾಗೆ ಒಂದೊಂದೇ ಕೊಂಡಿ ಏರಿಸಬಹುದು. ದೀಪದಿಂದ ಎಲೆಯ ತುದಿಗೆ 20ರಿಂದ 25 ಸೆಂಟಿಮೀಟರ್. ಹೆಚ್ಚಿನವರು ದೀಪವನ್ನು ಎರಡು ಅಡಿ ಮೇಲೆ ಕಟ್ಟಿ ‘ಗ್ರೋ ಲೈಟ್ ಕೆಲಸ ಮಾಡಲ್ಲ’ ಅನ್ನುತ್ತಾರೆ. 40 ಸೆಂಟಿಮೀಟರ್‌ನಿಂದ 20ಕ್ಕೆ ಇಳಿಸಿದರೆ ಎಲೆಗೆ ಬೀಳುವ ಬೆಳಕು ದುಪ್ಪಟ್ಟಿನ ಹತ್ತಿರ ಬರುತ್ತದೆ. ಕರೆಂಟ್ ಖರ್ಚು ಅಷ್ಟೇ. ವ್ಯಾಟ್ ಹೆಚ್ಚಿಸುವ ಮೊದಲು ದೀಪ ಇಳಿಸಿ ನೋಡಿ.

ಪಕ್ಕಕ್ಕೆ ಚದುರಿ ಹೋಗುವ ಬೆಳಕನ್ನು ವಾಪಸ್ ತರಲು ಹಳೆಯ ಫ್ಲೆಕ್ಸ್ ಬ್ಯಾನರ್ ಚೆನ್ನಾಗಿದೆ. ಅದರ ಬಿಳಿ ಹಿಂಬದಿಯನ್ನು ಒಳಮುಖ ಮಾಡಿ ಶೆಲ್ಫ್‌ನ ಮೂರು ಕಡೆ ಕಟ್ಟಿ. ಚುನಾವಣೆ ಮುಗಿದ ಮೇಲೆ ಇದಕ್ಕೆ ಬರವಿರುವುದಿಲ್ಲ, ಅಲ್ವಾ? ಒಂದು ಕಡೆ ತೆರೆದಿರಲಿ, ಗಾಳಿ ಬೇಕು.

ಎಲೆಯ ಎತ್ತರದಲ್ಲಿ ಫೋನ್ ಇಟ್ಟು ಮತ್ತೆ ಲಕ್ಸ್ ನೋಡಿ. ನಡುವೆ 10,000ದಿಂದ 12,000 ಬಂದರೆ ಲೆಕ್ಕ ಸರಿ. ಮೂಲೆಗಳಲ್ಲಿ ಕಡಿಮೆ ಇರುತ್ತದೆ. ಪುದೀನ, ದೊಡ್ಡಪತ್ರೆ ಮೂಲೆಗೆ, ತುಳಸಿ ನಡುವೆ ಇಡಿ.

ಟೈಮರ್ ಮತ್ತು ಕತ್ತಲು

ಸೊಪ್ಪಿಗೆ 12ರಿಂದ 14 ಗಂಟೆ ಬೆಳಕು ಸಾಕು. ಇಪ್ಪತ್ತನಾಲ್ಕು ಗಂಟೆ ಉರಿಸಿದರೆ ಎರಡರಷ್ಟು ಬೆಳೆಯುತ್ತದೆ ಅಂದುಕೊಳ್ಳಬೇಡಿ. ಹಗಲು ಉದ್ದವಾದರೆ ಪಾಲಕ್, ಸಬ್ಬಸಿಗೆ ಬೇಗ ಹೂವಿಗೆ ಏಳುತ್ತವೆ. ಕೊತ್ತಂಬರಿಯೂ ಅಷ್ಟೇ, ಸೆಕೆ ಜಾಸ್ತಿಯಾದರಂತೂ ಇನ್ನೂ ಬೇಗ. ಆಮೇಲೆ ಸೊಪ್ಪಿನ ಆಸೆ ಬಿಡಬೇಕು.

ಸೇವಂತಿಗೆಯದು ಇದಕ್ಕೆ ಉಲ್ಟಾ. ರಾತ್ರಿ ಉದ್ದವಾದರೆ ಮಾತ್ರ ಅದು ಮೊಗ್ಗು ಹಿಡಿಯುತ್ತದೆ. ಬೆಂಗಳೂರು ಸುತ್ತಮುತ್ತ ರಾತ್ರಿ ಹೊತ್ತು ಸೇವಂತಿಗೆ ಹೊಲಗಳಲ್ಲಿ ಬಲ್ಬಿನ ಸಾಲು ಉರಿಯುವುದನ್ನು ನೋಡಿರುತ್ತೀರಿ. ಗಿಡ ಬೆಳೆಸಲು ಬೇಕಾದಷ್ಟು ಬೆಳಕೇನೂ ಅವುಗಳಲ್ಲಿಲ್ಲ. ರಾತ್ರಿಯನ್ನು ತುಂಡು ಮಾಡಿ ಹೂವನ್ನು ತಡೆದು, ಕಾಂಡ ಉದ್ದವಾದ ಮೇಲೆ, ಹಬ್ಬದ ಹೊತ್ತಿಗೆ ಬಿಡಿಸುವ ಉಪಾಯ ಅದು. ನಿಮ್ಮ ಶೆಲ್ಫ್‌ನಲ್ಲಿ ಸೇವಂತಿಗೆ ಕುಂಡ ಇಟ್ಟು 14 ಗಂಟೆ ದೀಪ ಹಾಕಿದರೆ ಎಲೆ ಬೇಕಾದಷ್ಟು ಬರುತ್ತದೆ, ಹೂವು ಬರುವುದಿಲ್ಲ.

ಟೈಮರ್ ಇಲ್ಲದೆ ಇದೆಲ್ಲ ನಡೆಯುವುದಿಲ್ಲ. ದಿನಾ ಸ್ವಿಚ್ ಹಾಕುತ್ತೇನೆ ಅನ್ನುವ ಉತ್ಸಾಹ ಮೊದಲ ವಾರಕ್ಕಷ್ಟೇ. ಹದಿನೈದು ನಿಮಿಷಕ್ಕೊಂದು ಪಿನ್ ಇರುವ, ತಿರುಗುವ ಟೈಮರ್ ಅಗ್ಗ. ಆದರೆ ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ, ಬಂದ ಮೇಲೆ ಅಷ್ಟು ಹೊತ್ತು ಹಿಂದೆ ಬಿದ್ದಿರುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಒಂದೆರಡು ಗಂಟೆ ಕರೆಂಟ್ ಹೋಗುವ ಊರಾದರೆ ವಾರದಲ್ಲಿ ದೀಪ ನಡುರಾತ್ರಿ ಉರಿಯಲು ಶುರುವಾಗುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ.

ಕರೆಂಟ್ ಬಿಲ್

ಎರಡೂ ಸಾಲು, ಡ್ರೈವರ್ ನಷ್ಟ ಎಲ್ಲ ಸೇರಿ 26 ವ್ಯಾಟ್‌ನಷ್ಟು. ದಿನಕ್ಕೆ 14 ಗಂಟೆಯಂತೆ ತಿಂಗಳಿಗೆ 11 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ 80 ರೂಪಾಯಿ ಒಳಗೆ. ಗೃಹಜ್ಯೋತಿಯಲ್ಲಿ ಇರುವವರು ಒಂದು ಲೆಕ್ಕ ಹಾಕಿಕೊಳ್ಳಿ. ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆ ನೋಡಿ ಒಂದು ಮಿತಿ ಇದೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. 195ರಲ್ಲಿ ನಿಂತಿರುವ ಮನೆಗೆ ಈ 11 ಯೂನಿಟ್ ದುಬಾರಿ ಬೀಳುತ್ತದೆ.

ಸೊಪ್ಪಿನ ದುಡ್ಡು ಉಳಿಸಲು ಇದನ್ನು ಮಾಡುತ್ತೇನೆ ಅಂದರೆ ಬೇಡ. ಸಂತೆಯ ಕಟ್ಟಿನ ಮುಂದೆ ಇದು ಎಂದೂ ಗೆಲ್ಲುವುದಿಲ್ಲ. ಬಿಸಿಲೇ ಬಾರದ ಮನೆಯಲ್ಲಿ ಹಸಿರು ಬೇಕು, ಒಗ್ಗರಣೆಗೆ ಕೈ ಚಾಚಿದರೆ ಸೊಪ್ಪು ಸಿಗಬೇಕು, ಮಳೆಗಾಲದಲ್ಲೂ ಸಸಿ ಮಾಡಿಕೊಳ್ಳಬೇಕು ಅನ್ನುವವರಿಗೆ ಸರಿ.

ಮೊದಲ ಬೆಳೆ, ಮೊದಲ ತೊಂದರೆ

ಮೆಂತ್ಯದಿಂದ ಶುರು ಮಾಡಿ. ರಾತ್ರಿ ನೆನೆಸಿ, ಎರಡು ಇಂಚು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಕಾಂಪೋಸ್ಟ್ ಮಿಶ್ರಣದ ಮೇಲೆ ಚೆಲ್ಲಿ, ತೆಳ್ಳಗೆ ಮುಚ್ಚಿ. ಮೊಳಕೆ ಮಣ್ಣು ಸೀಳಿದ ದಿನವೇ ದೀಪ ಹಾಕಿ, ಒಂದು ದಿನವೂ ತಡ ಬೇಡ. ಹತ್ತು ದಿನಕ್ಕೆ ಮೈಕ್ರೊಗ್ರೀನ್ ಆಗಿ ಕತ್ತರಿಸಬಹುದು, ಮೂರು ವಾರ ಬಿಟ್ಟರೆ ಸೊಪ್ಪು. ಕೊತ್ತಂಬರಿ ಕಾಳನ್ನು ಅಂಗೈಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಮೊಳೆಯಲು ವಾರದ ಮೇಲೆ ಹಿಡಿಯುತ್ತದೆ, ಗಾಬರಿ ಬೇಡ.

ಕಾಂಡ ಉದ್ದವಾಗಿ, ಎಲೆಗಳ ನಡುವೆ ಅಂತರ ಜಾಸ್ತಿಯಾಗುತ್ತಿದ್ದರೆ ದೀಪ ಇಳಿಸಿ. ದೀಪದ ನೇರ ಕೆಳಗಿನ ಎಲೆ ಮಾತ್ರ ಬಿಳಿಚಿ, ಅಂಚು ಮೇಲಕ್ಕೆ ಮಡಚಿಕೊಂಡಿದ್ದರೆ ಏರಿಸಿ. ಕೆಳಗಿನ ಹಳೆಯ ಎಲೆಗಳು ಹಳದಿ ತಿರುಗಿದರೆ ಅದು ಬೆಳಕಿನ ದೋಷ ಆಗಿರುವುದು ಕಡಿಮೆ. ಬೆಳಕು ಹೆಚ್ಚಾದ ಮೇಲೆ ಗಿಡ ಜಾಸ್ತಿ ಉಣ್ಣುತ್ತದೆ, ಗೊಬ್ಬರ ಕೊಡಿ. ಸಣ್ಣ ಕಪ್ಪು ನೊಣ ಹಾರಾಡುತ್ತಿದ್ದರೆ ನೀರು ಅತಿಯಾಗಿದೆ. ಮೇಲಿನ ಮಣ್ಣು ಒಣಗಲು ಬಿಡಿ.

ಇಡೀ ಸಾಲು ಒಮ್ಮೆಲೇ ಆರಿದರೆ ಒಂದು ಎಲ್‌ಇಡಿ ಸತ್ತಿರಬಹುದು. ಸರಪಳಿಯಲ್ಲಿ ಒಂದು ತುಂಡಾದರೆ ಎಲ್ಲವೂ ಆರುತ್ತವೆ. ಪ್ಲಗ್ ತೆಗೆದು, ಡಯೋಡ್ ಮೋಡ್‌ನಲ್ಲಿ ಒಂದೊಂದೇ ನೋಡಿ, ಮಿಣುಕದ್ದನ್ನು ಬದಲಾಯಿಸಿ. ಎಲ್ಲವೂ ಮಿಣುಕಿದರೆ ಡ್ರೈವರ್ ಹೋಗಿದೆ. ಗುಡುಗು, ಸಿಡಿಲಿನ ದಿನ ಪ್ಲಗ್ ತೆಗೆದಿಡುವುದು ವಾಸಿ. ತಿಂಗಳಿಗೊಮ್ಮೆ ಒಣ ಬಟ್ಟೆಯಿಂದ ಲೆನ್ಸ್ ಮೇಲಿನ ಧೂಳು ಒರೆಸಿ, ಅಡುಗೆಮನೆಯಾದರೆ ಎಣ್ಣೆ ಜಿಡ್ಡೂ ಕೂರುತ್ತದೆ.

ಹೊರದೇಶದಲ್ಲಿ ಕರಿಬೇವು

ಅಮೆರಿಕ, ಕೆನಡಾ, ಇಂಗ್ಲೆಂಡಿನಲ್ಲಿರುವ ನಮ್ಮವರು ಚಳಿಗಾಲದಲ್ಲಿ ಕರಿಬೇವಿನ ಕುಂಡವನ್ನು ಒಳಗೆ ತಂದು ಇಡುತ್ತಾರೆ. ಡಿಸೆಂಬರ್‌ನಲ್ಲಿ ಲಂಡನ್ನಿನ ಹಗಲು ಎಂಟೇ ಗಂಟೆ, ಅದರಲ್ಲೂ ಮೋಡ. ಈ ದೀಪ ಅವರಿಗೆ ನಿಜಕ್ಕೂ ಬೇಕು. ಎರಡು ಬದಲಾವಣೆ ಮಾಡಿಕೊಳ್ಳಿ. ಡ್ರೈವರ್ ಅಲ್ಲೇ ಕೊಳ್ಳಿ. ಅಮೆರಿಕ, ಕೆನಡಾದಲ್ಲಿ 120 ವೋಲ್ಟ್, ಇಲ್ಲಿಂದ ಒಯ್ದದ್ದು ಅಲ್ಲಿ ಉರಿಯದೆ ಹೋಗಬಹುದು. ಇನ್ನೊಂದು, ಕರಿಬೇವು ಎರಡು ಮೂರು ಅಡಿ ಎತ್ತರದ ಪೊದೆ. ಮೇಲಿನಿಂದ ಬಿಟ್ಟ ಬೆಳಕು ನೆತ್ತಿಯಲ್ಲೇ ನಿಲ್ಲುತ್ತದೆ. ಎರಡು ಚಾನೆಲ್ಲನ್ನೂ ಗಿಡದ ಎರಡು ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಅಡಿ ದೂರದಿಂದ ಎಲೆಗೆ ಬೆಳಕು ಬೀಳಲಿ. 14 ಗಂಟೆ ಇರಲಿ. ಕೋಣೆ 18 ಡಿಗ್ರಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಚಳಿಯಾದರೆ ಎಷ್ಟೇ ಬೆಳಕಿದ್ದರೂ ಅದು ಎಲೆ ಉದುರಿಸಿ ಮಲಗುತ್ತದೆ.

ಊರಿಂದ ಗಿಡವನ್ನೋ ಹಸಿ ಎಲೆಯನ್ನೋ ಬ್ಯಾಗಿನಲ್ಲಿ ಒಯ್ಯಬೇಡಿ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳು ಮಾಡುವ ಗ್ರೀನಿಂಗ್ ರೋಗವನ್ನು ಹರಡುವ ಸಿಲ್ಲಿಡ್ ಎಂಬ ಕೀಟಕ್ಕೆ ಕರಿಬೇವು ಆಸರೆ. ಹಾಗಾಗಿ ಅಮೆರಿಕದಲ್ಲಿ ಇದಕ್ಕೆ ಕಟ್ಟುನಿಟ್ಟು ಜಾಸ್ತಿ. ಅಲ್ಲಿನ ನರ್ಸರಿಯದೇ ಸಸಿ ತನ್ನಿ. ಹೀಟರ್ ಹಾಕಿದ ಮನೆಯ ಒಣ ಗಾಳಿಗೆ ಎಲೆಯ ಅಡಿಯಲ್ಲಿ ಕೆಂಪು ನುಸಿ ಬರುತ್ತದೆ, ವಾರಕ್ಕೊಮ್ಮೆ ಎಲೆ ಮಗುಚಿ ನೋಡಿ. ಸಣ್ಣ ಚುಕ್ಕೆ, ಬಲೆ ಕಂಡರೆ ಕುಂಡವನ್ನು ಬಾತ್‌ರೂಮಿಗೆ ಒಯ್ದು ಶವರ್‌ನಲ್ಲಿ ಎಲೆಯ ಎರಡೂ ಕಡೆ ತೊಳೆಯಿರಿ. ನೀರೆಲ್ಲ ಸೋರಿದ ಮೇಲೆಯೇ ದೀಪದ ನಡುವೆ ವಾಪಸ್ ಇಡಿ.